ಸೂಪರ್‌ಹೀರೊ ಸಿನಿಮಾ ನಮ್ಮನ್ನು ಇಷ್ಟು ಸೆಳೆಯುವುದೇಕೆ? ‘ಹನುಮಾನ್’ ಚಿತ್ರದಿಂದ ಲಚ್ಯಾಣದ ಕೊಳವೆಬಾವಿಯವರೆಗೆ

ಹೊಸ ಸೂಪರ್‌ಹೀರೊ ಸಿನಿಮಾ ಬಿಡುಗಡೆಯಾದ ವಾರ ನೀವು ಇಂಡಿಯಲ್ಲಿರಿ, ಸಿಂದಗಿಯಲ್ಲಿರಿ, ಮುದ್ದೇಬಿಹಾಳ ಅಥವಾ ಬಸವನ ಬಾಗೇವಾಡಿಯಲ್ಲಿರಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆಯ ಸಂದೇಶಗಳು ಓಡಾಡುತ್ತವೆ. ಚಿತ್ರ ಎರಡೇ ದಿನದಲ್ಲಿ ಇಷ್ಟು ನೂರು ಕೋಟಿ ಗಳಿಸಿತು ಎಂಬುದು ಒಂದು. ಎರಡನೇ ಭಾಗದ ಟ್ರೇಲರ್ ಸೋರಿಕೆಯಾಗಿದೆ ಎಂಬುದು ಇನ್ನೊಂದು. ‘ಪೂರ್ತಿ ಸಿನಿಮಾ ಇಲ್ಲಿದೆ, ಲಿಂಕ್ ಒತ್ತಿ’ ಎಂಬುದು ಮೂರನೆಯದು. ಊರಿನ ಹೆಸರೂ ಇಲ್ಲದ, ತಾರೀಖೂ ಇಲ್ಲದ ನಾಲ್ಕನೆಯದೊಂದು ಇರುತ್ತದೆ: ‘ಈ ಸಿನಿಮಾ ನೋಡಿ ಮಗುವೊಂದು ಮಾಳಿಗೆಯಿಂದ ಹಾರಿತು, ಎಲ್ಲ ತಂದೆ-ತಾಯಿಗಳಿಗೆ ಕಳಿಸಿ.’

ಈ ನಾಲ್ಕರಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ಅಳಿಸಬೇಕು ಎಂಬುದನ್ನು ಈ ಲೇಖನದಲ್ಲಿ ನೋಡೋಣ. ಅದಕ್ಕೂ ಮೊದಲು ಉತ್ತರಿಸಬೇಕಾದ ಪ್ರಶ್ನೆ ಬೇರೆ ಇದೆ. ಹಾರುವ ಮನುಷ್ಯ ಇಲ್ಲ ಎಂಬುದು ನಮಗೆಲ್ಲ ಗೊತ್ತು. ಆದರೂ ಅವನ ಕಥೆಗೆ ಇಷ್ಟೊಂದು ಜನ ಏಕೆ ಮುಗಿಬೀಳುತ್ತಾರೆ?

ಚುಟುಕಾಗಿ ಹೇಳುವುದಾದರೆ: ಸೂಪರ್‌ಹೀರೊ ಚಿತ್ರ ನಮಗೆ ಮಾರುವುದು ಶಕ್ತಿಯನ್ನಲ್ಲ, ‘ಯಾರೋ ಒಬ್ಬ ಬಂದು ಈಗಲೇ ಸರಿಮಾಡುತ್ತಾನೆ’ ಎಂಬ ಭರವಸೆಯನ್ನು. ಎರಡೂವರೆ ಗಂಟೆಯ ಮಟ್ಟಿಗೆ ಆ ಭರವಸೆಯಿಂದ ಯಾರಿಗೂ ನಷ್ಟವಿಲ್ಲ. ಅದನ್ನು ಮನೆಗೆ, ಮಾಳಿಗೆಗೆ, ಫೋನಿಗೆ ತಂದಾಗ ಮಾತ್ರ ತೊಂದರೆ.

ಒಂದು ಉದಾಹರಣೆ: ‘ಹನುಮಾನ್’

2024ರ ಜನವರಿ 12ರಂದು, ಸಂಕ್ರಾಂತಿಯ ಹೊತ್ತಿಗೆ, ಪ್ರಶಾಂತ್ ವರ್ಮಾ ನಿರ್ದೇಶನದ ತೆಲುಗು ಚಿತ್ರ ‘ಹನುಮಾನ್’ ಬಿಡುಗಡೆಯಾಯಿತು. ಅದೇ ದಿನ ಮಹೇಶ್ ಬಾಬು ಅವರ ‘ಗುಂಟೂರು ಕಾರಂ’ ಕೂಡ ತೆರೆಗೆ ಬಂತು. ದೊಡ್ಡ ತಾರೆಯ ಎದುರು ತೇಜ ಸಜ್ಜಾ ಎಂಬ ಯುವನಟನ ಚಿತ್ರ ನಿಲ್ಲುವುದೇ ಕಷ್ಟ ಎಂದುಕೊಂಡವರು ಹಲವರಿದ್ದರು. ಚಿತ್ರ ದೇಶದಾದ್ಯಂತ ಓಡಿತು. ಇದು ಒಂಟಿ ಸಿನಿಮಾ ಆಗಿರಲಿಲ್ಲ. ನಿರ್ದೇಶಕರು ತಮ್ಮ ಹೆಸರಿನಲ್ಲೇ ಶುರುಮಾಡಿದ ಸೂಪರ್‌ಹೀರೊ ಚಿತ್ರಸರಣಿಯ ಮೊದಲ ಕಂತಾಗಿತ್ತು. ಚಿತ್ರ ಮುಗಿಯುವಾಗಲೇ ಮುಂದಿನ ಭಾಗ ‘ಜೈ ಹನುಮಾನ್’ ಎಂದು ಘೋಷಣೆಯಾಯಿತು. ಆ ಚಿತ್ರದಲ್ಲಿ ಹನುಮಂತನ ಪಾತ್ರ ಮಾಡುವವರು ನಮ್ಮ ರಿಷಬ್ ಶೆಟ್ಟಿ ಎಂದು 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಲಾಯಿತು.

ಕಥೆ ನಡೆಯುವುದು ಅಂಜನಾದ್ರಿ ಎಂಬ ಕಲ್ಪನೆಯ ಹಳ್ಳಿಯಲ್ಲಿ. ಹೆಸರು ಮಾತ್ರ ನಮಗೆ ಹೊಸದಲ್ಲ. ಕೊಪ್ಪಳ ಜಿಲ್ಲೆಯ ಗಂಗಾವತಿ ಬಳಿ, ಆನೆಗುಂದಿಯ ಹತ್ತಿರ ಇರುವ ಅಂಜನಾದ್ರಿ ಬೆಟ್ಟವನ್ನು ಹನುಮಂತನ ಜನ್ಮಸ್ಥಳವೆಂದು ಭಕ್ತರು ನಂಬುತ್ತಾರೆ. ಚಿತ್ರದ ನಾಯಕ ಹನುಮಂತು ಊರಿನಲ್ಲಿ ಸಣ್ಣಪುಟ್ಟ ಕಳ್ಳತನ ಮಾಡಿಕೊಂಡಿರುವ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಹುಡುಗ. ಅವನಿಗೊಂದು ಮಣಿ ಸಿಗುತ್ತದೆ. ಹಗಲು ಹೊತ್ತಿನಲ್ಲಿ ಅದು ಅವನಿಗೆ ಅಪಾರ ಬಲ ಕೊಡುತ್ತದೆ. ಖಳನಾಯಕನ ಆಸೆಯಂತೂ ವಿಚಿತ್ರ: ಅವನಿಗೆ ತಾನೇ ಸೂಪರ್‌ಹೀರೊ ಆಗಬೇಕು, ಅದಕ್ಕಾಗಿ ಏನನ್ನೂ ಮಾಡಲು ಅವನು ತಯಾರು.

ಗೆಲುವಿನ ಗುಟ್ಟು ಇಲ್ಲೇ ಇದೆ. ಮೊದಲನೆಯದು, ನಾಯಕ ನಮ್ಮೂರಿನವನಂತೆ ಇದ್ದಾನೆ. ಎರಡನೆಯದು, ದೇವರ ಪರಿಚಯ ಮಾಡಿಕೊಡುವ ಕಷ್ಟ ಚಿತ್ರಕ್ಕಿಲ್ಲ. ನಮ್ಮ ಭಾಗದಲ್ಲಿ ಹನುಮಪ್ಪನ ಗುಡಿ ಇಲ್ಲದ ಊರು ಹುಡುಕುವುದು ಕಷ್ಟ. ಆಲಮಟ್ಟಿ ಹತ್ತಿರ ಕೃಷ್ಣಾ ತೀರದ ಯಲಗೂರಿನ ಹನುಮಪ್ಪ ಏಳೂರುಗಳ ಒಡೆಯ, ಅದಕ್ಕೇ ಯಲಗೂರೇಶ ಎಂದು ಭಕ್ತರು ಹೇಳುತ್ತಾರೆ. ಊರು ಕಾಯುವ ದೇವರೆಂದರೆ ಏನು ಎಂದು ಇಲ್ಲಿನ ಪ್ರೇಕ್ಷಕರಿಗೆ ಯಾವ ನಿರ್ದೇಶಕನೂ ಬಿಡಿಸಿ ಹೇಳಬೇಕಿಲ್ಲ.

ಸೂಪರ್‌ಹೀರೊ ಅಮೆರಿಕದಿಂದ ಬಂದವನೇ?

ಹೆಸರು ಬಂದದ್ದು ಅಲ್ಲಿಂದ, ನಿಜ. ಜೆರ್ರಿ ಸೀಗಲ್ ಮತ್ತು ಜೋ ಶಸ್ಟರ್ ಎಂಬ ಇಬ್ಬರು ಯುವಕರು ಸೃಷ್ಟಿಸಿದ ಸೂಪರ್‌ಮ್ಯಾನ್ 1938ರಲ್ಲಿ ಕಾಮಿಕ್ಸ್ ಪುಸ್ತಕದಲ್ಲಿ ಮೊದಲು ಕಾಣಿಸಿಕೊಂಡ. ಅಮೆರಿಕ ಆಗ ಆರ್ಥಿಕ ಮಹಾಕುಸಿತದಿಂದ ಇನ್ನೂ ಚೇತರಿಸಿಕೊಳ್ಳುತ್ತಿತ್ತು. ಆರಂಭದ ಕಥೆಗಳಲ್ಲಿ ಅವನು ಹೊಡೆದಾಡಿದ್ದು ಅನ್ಯಗ್ರಹದವರ ಜೊತೆ ಅಲ್ಲ. ಲಂಚಕೋರರು, ಹೆಂಡತಿಯನ್ನು ಹೊಡೆಯುವವರು, ಕಾರ್ಮಿಕರ ಜೀವಕ್ಕೆ ಬೆಲೆ ಕೊಡದ ಮಾಲೀಕರ ಜೊತೆ.

ಅನ್ಯಾಯವನ್ನು ಕಂಡು ಸಹಿಸದೆ ಎದ್ದುಬರುವ ವೀರ ಮಾತ್ರ ನಮ್ಮಲ್ಲಿ ಮೊದಲಿನಿಂದ ಇದ್ದಾನೆ. ಜಾತ್ರೆಯಲ್ಲಿ ಪುರವಂತರು ಕೈಯಲ್ಲಿ ಖಡ್ಗ ಹಿಡಿದು ಒಡಪು ಹೇಳುವಾಗ ದಕ್ಷನ ಗರ್ವ ಮುರಿದ ವೀರಭದ್ರ ನಮ್ಮ ಕಣ್ಣ ಮುಂದೆ ಬರುತ್ತಾನೆ. ಮೊಹರಂನಲ್ಲಿ ಹಿಂದೂಗಳೂ ಮುಸ್ಲಿಮರೂ ಸೇರಿ ಹಾಡುವ ರಿವಾಯತ್ ಪದಗಳಲ್ಲಿ ಕರ್ಬಲಾದ ವೀರರ ಕಥೆ ಇದೆ. ದೊಡ್ಡಾಟದ ರಂಗದಲ್ಲಿ ಭೀಮ ಗದೆ ಎತ್ತಿದರೆ ಬೆಳಗಿನ ಜಾವದವರೆಗೂ ಜನ ಕದಲುತ್ತಿರಲಿಲ್ಲ. ಉಳ್ಳವರನ್ನು ದೋಚಿ ಬಡವರಿಗೆ ಹಂಚಿದನೆಂದು ಹಾಡಿ ಹೊಗಳಿಸಿಕೊಂಡ, ಗಡಿಯಾಚೆಯ ಜತ್ತ ಭಾಗದ ಸಿಂಧೂರ ಲಕ್ಷ್ಮಣ ಬ್ರಿಟಿಷರ ಕಾಲದ ನಿಜ ವ್ಯಕ್ತಿ. ಅವನ ಕಥೆ ನಾಟಕವಾಗಿ ಉತ್ತರ ಕರ್ನಾಟಕದ ಹಳ್ಳಿ ಹಳ್ಳಿ ತಿರುಗಿತು, ಸಿನಿಮಾ ಕೂಡ ಆಯಿತು.

ಇವೆಲ್ಲ ಒಂದೇ ಅಲ್ಲ. ಭಕ್ತಿ ಬೇರೆ, ಇತಿಹಾಸ ಬೇರೆ, ಮನರಂಜನೆ ಬೇರೆ. ಆದರೆ ಕೇಳುವವರ ಎದೆಯೊಳಗೆ ಇವು ತಟ್ಟುವ ಜಾಗ ಒಂದೇ. ತಹಸೀಲ್ದಾರ್ ಕಚೇರಿಗೆ ಅಲೆದು, ಬೆಳೆ ವಿಮೆಗೆ ಕಾದು, ಕೋರ್ಟಿನಲ್ಲಿ ವರ್ಷಗಟ್ಟಲೆ ತಾರೀಖು ಎಣಿಸಿದವರಿಗೆ ನ್ಯಾಯ ನಿಧಾನ ಎಂಬುದು ಅನುಭವದಿಂದ ಗೊತ್ತು. ತೆರೆಯ ಮೇಲೆ ಅದೇ ನ್ಯಾಯ ಒಂದೇ ಏಟಿಗೆ ಸಿಗುತ್ತದೆ. ಶಿಳ್ಳೆ ಹೊಡೆಯುವುದು ಆ ವೇಗಕ್ಕೆ.

‘ಮುಂದುವರಿಯುವುದು’ ಎಂಬ ಕೊಕ್ಕೆ

ಒಂದೇ ಸಿನಿಮಾ ಮಾಡಿ ಸುಮ್ಮನಿರುವ ಬದಲು ಸರಣಿಯನ್ನೇ ಏಕೆ ಶುರುಮಾಡುತ್ತಾರೆ? ಇಲ್ಲಿ ಲೆಕ್ಕಾಚಾರ ದೊಡ್ಡದು.

ಅಮೆರಿಕದ ಮಾರ್ವೆಲ್ ಕಾಮಿಕ್ಸ್ ಕಂಪನಿ 1996ರಲ್ಲಿ ದಿವಾಳಿ ಅರ್ಜಿ ಹಾಕಿತ್ತು. ಸ್ಪೈಡರ್‌ಮ್ಯಾನ್‌ನಂಥ ಹೆಸರಾಂತ ಪಾತ್ರಗಳ ಚಿತ್ರದ ಹಕ್ಕು ಬೇರೆಯವರ ಪಾಲಾಗಿತ್ತು. 2005ರಲ್ಲಿ ಅದು ಉಳಿದ ಪಾತ್ರಗಳ ಹಕ್ಕನ್ನೇ ಅಡವಿಟ್ಟು ಸುಮಾರು 52.5 ಕೋಟಿ ಡಾಲರ್ ಸಾಲದ ವ್ಯವಸ್ಥೆ ಮಾಡಿಕೊಂಡಿತು. 2008ರ ಮೇ ತಿಂಗಳಲ್ಲಿ ‘ಐರನ್ ಮ್ಯಾನ್’ ಬಂತು. ಹೆಸರುಗಳೆಲ್ಲ ಉರುಳಿ ಮುಗಿದ ಮೇಲೆ ಬಂದ ಪುಟ್ಟ ದೃಶ್ಯವೊಂದರಲ್ಲಿ ಇನ್ನಷ್ಟು ವೀರರು ಬರಲಿದ್ದಾರೆ ಎಂಬ ಸುಳಿವಿತ್ತು. ಮರುವರ್ಷವೇ ಡಿಸ್ನಿ ಕಂಪನಿ ಸುಮಾರು 400 ಕೋಟಿ ಡಾಲರ್‌ಗೆ ಮಾರ್ವೆಲನ್ನು ಕೊಳ್ಳುವುದಾಗಿ ಘೋಷಿಸಿತು. ಒಂದು ಚಿತ್ರ ಮುಂದಿನ ಚಿತ್ರಕ್ಕೆ ಜಾಹೀರಾತಾಗುತ್ತದೆ ಎಂಬ ಪಾಠವನ್ನು ಜಗತ್ತಿನ ಚಿತ್ರೋದ್ಯಮವೆಲ್ಲ ಆಗ ಕಲಿಯಿತು.

ನಮ್ಮಲ್ಲೂ ಅದೇ ದಾರಿ. ‘ಕೆಜಿಎಫ್’ ಮೊದಲ ಭಾಗ 2018ರ ಡಿಸೆಂಬರ್‌ನಲ್ಲಿ, ಎರಡನೆಯದು 2022ರ ಏಪ್ರಿಲ್‌ನಲ್ಲಿ ಬಂತು. ಅದೇ ಹೊಂಬಾಳೆ ಸಂಸ್ಥೆ ಅರ್ಪಿಸಿದ ಅನಿಮೇಷನ್ ಚಿತ್ರ ‘ಮಹಾವತಾರ ನರಸಿಂಹ’ 2025ರ ಜುಲೈನಲ್ಲಿ ತೆರೆಕಂಡಿತು. 2037ರವರೆಗೆ ಒಟ್ಟು ಏಳು ಚಿತ್ರಗಳ ಯೋಜನೆಯನ್ನು ಮೊದಲೇ ಪ್ರಕಟಿಸಲಾಗಿತ್ತು. 2025ರ ಆಗಸ್ಟ್‌ನಲ್ಲಿ ಬಂದ ಮಲಯಾಳದ ‘ಲೋಕಾ’ ಕೂಡ ಸರಣಿಯ ಮೊದಲ ಕಂತೇ. ಕೇರಳದ ನೀಲಿ ಎಂಬ ಯಕ್ಷಿಯ ದಂತಕಥೆಯನ್ನು ಇಟ್ಟುಕೊಂಡು ಮಹಿಳೆಯನ್ನೇ ಸೂಪರ್‌ಹೀರೊ ಮಾಡಿದ ಆ ಚಿತ್ರದ ಕಥೆ ನಡೆಯುವುದು ಬೆಂಗಳೂರಿನಲ್ಲಿ.

ಅರ್ಧಕ್ಕೆ ನಿಂತ ಕಥೆ ನಮ್ಮನ್ನು ಕಾಡುವುದೇಕೆ? ‘ಅರ್ಧಕ್ಕೆ ನಿಂತ ಕೆಲಸ ಮುಗಿದ ಕೆಲಸಕ್ಕಿಂತ ಹೆಚ್ಚು ನೆನಪಿರುತ್ತದೆ, ಇದು ವಿಜ್ಞಾನ’ ಎಂಬ ಸಂದೇಶ ನೀವು ಓದಿರಬಹುದು. 1927ರಲ್ಲಿ ಬ್ಲೂಮಾ ಝೈಗಾರ್ನಿಕ್ ಎಂಬ ಮನೋವಿಜ್ಞಾನಿ ಹೀಗೆ ಹೇಳಿದ್ದು ನಿಜ. ಆದರೆ ಮುಂದೆ ನಡೆದ ಪರೀಕ್ಷೆಗಳಲ್ಲಿ ಈ ನೆನಪಿನ ಲಾಭ ಒಂದೇ ಸಮನಾಗಿ ಕಂಡುಬರಲಿಲ್ಲ. ಅದೇ ಕಾಲದಲ್ಲಿ ಮರಿಯಾ ಒವ್ಸಿಯಾಂಕಿನಾ ಗಮನಿಸಿದ ಇನ್ನೊಂದು ಸಂಗತಿ ಹೆಚ್ಚು ಗಟ್ಟಿಯಾಗಿ ಉಳಿದಿದೆ: ತಡೆದ ಕೆಲಸವನ್ನು ಮತ್ತೆ ಶುರುಮಾಡಿ ಮುಗಿಸುವ ತುಡಿತ. ಸಂತೆಯಿಂದ ತಂದ ಶೇಂಗಾ ಪೊಟ್ಟಣ ಅರ್ಧ ತಿಂದು ಇಡಲಾಗದ ಹಾಗೆ, ಅರ್ಧ ಕೇಳಿದ ಕಥೆಯನ್ನು ಬಿಡಲಾಗುವುದಿಲ್ಲ. ‘ಎರಡನೇ ಭಾಗದ ಟ್ರೇಲರ್ ಸೋರಿಕೆ’ ಎಂಬ ಸುಳ್ಳು ವಿಡಿಯೊ ಒತ್ತುವಂತೆ ಮಾಡುವುದೂ ಇದೇ ತುಡಿತ. ಈಗ ಕೃತಕ ಬುದ್ಧಿಮತ್ತೆಯಿಂದ ಇಂಥ ಟ್ರೇಲರ್ ಯಾರು ಬೇಕಾದರೂ ತಯಾರಿಸಬಹುದು. ಚಿತ್ರತಂಡದ ಅಧಿಕೃತ ಖಾತೆಯಲ್ಲಿ ಇಲ್ಲವೆಂದರೆ ಅದು ಟ್ರೇಲರ್ ಅಲ್ಲ.

ಮಕ್ಕಳ ಮೇಲೆ ಪರಿಣಾಮ: ನಿಜ ಎಷ್ಟು?

‘ಸೂಪರ್‌ಹೀರೊ ನೋಡಿದರೆ ಮಕ್ಕಳು ಧೈರ್ಯವಂತರಾಗುತ್ತಾರೆ’ ಎನ್ನುವವರೂ ಇದ್ದಾರೆ, ‘ಹಾಳಾಗುತ್ತಾರೆ’ ಎನ್ನುವವರೂ ಇದ್ದಾರೆ. ಅಧ್ಯಯನಗಳು ಎರಡನ್ನೂ ಪೂರ್ತಿ ಒಪ್ಪುವುದಿಲ್ಲ.

2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 4 ಮತ್ತು 6 ವರ್ಷದ 180 ಮಕ್ಕಳಿಗೆ ಬೇಸರ ತರಿಸುವ ಕೆಲಸವೊಂದನ್ನು ಕೊಡಲಾಯಿತು. ಪಕ್ಕದಲ್ಲೇ ಆಟವಾಡಲು ಟ್ಯಾಬ್ಲೆಟ್ ಇತ್ತು. ‘ನೀನೀಗ ಬ್ಯಾಟ್‌ಮ್ಯಾನ್’ ಎಂಬಂತೆ ಇಷ್ಟದ ಪಾತ್ರವೇ ತಾನೆಂದು ಊಹಿಸಿಕೊಂಡ ಮಕ್ಕಳು ಉಳಿದವರಿಗಿಂತ ಹೆಚ್ಚು ಹೊತ್ತು ಕೆಲಸದಲ್ಲಿ ತೊಡಗಿದರು. ಹೋಮ್‌ವರ್ಕ್‌ಗೆ ಕೂರದ ಮಗುವಿಗೆ ‘ಹನುಮಂತು ಆಗಿದ್ದರೆ ಏನು ಮಾಡುತ್ತಿದ್ದ?’ ಎಂದು ಕೇಳಿ ನೋಡಬಹುದು.

ಅದೇ 2017ರಲ್ಲಿ ಬಂದ ಇನ್ನೊಂದು ಅಧ್ಯಯನ 240 ಪುಟ್ಟ ಮಕ್ಕಳನ್ನು ಗಮನಿಸಿತು. ಸೂಪರ್‌ಹೀರೊ ಗುಂಗಿನಲ್ಲಿದ್ದ ಮಕ್ಕಳಲ್ಲಿ ಒಂದು ವರ್ಷದ ಬಳಿಕ ಹೊಡೆದಾಟದ ಸ್ವಭಾವ ತುಸು ಹೆಚ್ಚಿತ್ತು. ಬೇರೆ ಮಕ್ಕಳನ್ನು ಕಾಪಾಡುವ, ನೆರವಾಗುವ ಗುಣ ಹೆಚ್ಚಿರಲಿಲ್ಲ. ಇದು ನಂಟನ್ನು ತೋರಿಸುತ್ತದೆಯೇ ಹೊರತು ಸಿನಿಮಾವೇ ಕಾರಣ ಎಂದು ಸಾಬೀತು ಮಾಡುವುದಿಲ್ಲ. ಒಂದು ಸುಳಿವು ಮಾತ್ರ ಸಿಗುತ್ತದೆ: ಮಗುವಿನ ಕಣ್ಣಿಗೆ ಏಟು ಬೇಗ ಬೀಳುತ್ತದೆ, ಆ ಏಟು ಯಾರನ್ನು ಉಳಿಸಲು ಎಂಬುದು ತಡವಾಗಿ ಹೊಳೆಯುತ್ತದೆ. ಅದನ್ನು ಹೇಳಿಕೊಡಬೇಕಾದವರು ಪಕ್ಕದಲ್ಲಿ ಕುಳಿತ ನಾವು.

ಇನ್ನು ‘ಮಾಳಿಗೆಯಿಂದ ಹಾರಿತು’ ಸಂದೇಶ. ದೂರದರ್ಶನದಲ್ಲಿ 1997ರಲ್ಲಿ ಶುರುವಾದ ‘ಶಕ್ತಿಮಾನ್’ ಕಾಲದಿಂದಲೂ ಇಂಥ ಸುದ್ದಿಗಳು ಓಡಾಡುತ್ತಿವೆ. ಶಕ್ತಿಮಾನ್ ಪಾತ್ರಧಾರಿ ಮುಕೇಶ್ ಖನ್ನಾ ಅವರೇ ಕಾರ್ಯಕ್ರಮದಲ್ಲಿ ಮಕ್ಕಳಿಗೆ ‘ಇದನ್ನು ಅನುಕರಿಸಬೇಡಿ’ ಎಂದು ಹೇಳುತ್ತಿದ್ದರು. ಸಂದೇಶದಲ್ಲಿ ಊರು, ದಿನಾಂಕ, ಸುದ್ದಿಮೂಲ ಇಲ್ಲದಿದ್ದರೆ ಮುಂದೆ ಕಳಿಸಬೇಡಿ. ಆದರೆ ಅಪಾಯವೇ ಇಲ್ಲ ಎಂದೂ ತಿಳಿಯಬೇಡಿ. ಸೂಪರ್‌ಹೀರೊ ವೇಷ ತೊಟ್ಟು ಗಂಭೀರವಾಗಿ ಗಾಯಗೊಂಡ ಐದು ಮಕ್ಕಳ ಪ್ರಕರಣಗಳನ್ನು ಬ್ರಿಟನ್ನಿನ ವೈದ್ಯರು 2007ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದ್ದಾರೆ.

ಮಾಳಿಗೆಯ ಲೆಕ್ಕ

ನಮ್ಮ ಊರುಗಳಲ್ಲಿ ಮಾಳಿಗೆ ಮನೆಗಳೇ ಹೆಚ್ಚು. ಬೇಸಿಗೆಯಲ್ಲಿ ಮಲಗುವುದೂ ಅಲ್ಲೇ, ಮಕ್ಕಳ ಆಟವೂ ಅಲ್ಲೇ. ಆದ್ದರಿಂದ ಈ ಲೆಕ್ಕ ಎಲ್ಲರಿಗೂ ಗೊತ್ತಿರಬೇಕು.

ಸುಮಾರು 3 ಮೀಟರ್, ಅಂದರೆ ಹತ್ತು ಅಡಿ ಎತ್ತರದ ಮಾಳಿಗೆಯಿಂದ ಬಿದ್ದರೆ ನೆಲ ಮುಟ್ಟಲು ಒಂದು ಸೆಕೆಂಡೂ ಬೇಡ. ನೆಲಕ್ಕೆ ತಾಗುವಾಗಿನ ವೇಗ ಗಂಟೆಗೆ ಸುಮಾರು 28 ಕಿ.ಮೀ. ಓಡುವ ಬೈಕಿನಿಂದ ಗೋಡೆಗೆ ಎಸೆದಂತೆ. ಬೆನ್ನಿಗೆ ಟವೆಲ್ ಕಟ್ಟಿಕೊಂಡರೆ ಈ ವೇಗ ಕಡಿಮೆಯಾಗುವುದಿಲ್ಲ.

ಸಿನಿಮಾದಲ್ಲಿ ಹತ್ತನೇ ಮಹಡಿಯಿಂದ ಬೀಳುವವರನ್ನು ನಾಯಕ ಕೈಚಾಚಿ ಹಿಡಿಯುತ್ತಾನೆ, ಬಿದ್ದವರು ನಗುತ್ತ ಎದ್ದು ನಿಲ್ಲುತ್ತಾರೆ. ನಿಜದಲ್ಲಿ ಪೆಟ್ಟು ಕೊಡುವುದು ನೆಲವಲ್ಲ, ಒಮ್ಮೆಲೇ ನಿಲ್ಲುವುದು. ಲೆಕ್ಕ ಸುಲಭ: ಬಿದ್ದ ಎತ್ತರವನ್ನು ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿ. 30 ಮೀಟರ್ ಬಿದ್ದವರನ್ನು ನಾಯಕನ ಕೈ ಅರ್ಧ ಮೀಟರ್‌ನಲ್ಲಿ ನಿಲ್ಲಿಸಿದರೆ ದೇಹದ ಮೇಲೆ ಅದರ ತೂಕದ ಸುಮಾರು 60 ಪಟ್ಟು ಬಲ ಬೀಳುತ್ತದೆ. ಉಕ್ಕಿನಂಥ ಕೈಯೂ ಆಗ ಕಲ್ಲುಹಾಸಿಗಿಂತ ಬಹಳ ಮೃದುವೇನಲ್ಲ. ಅಗ್ನಿಶಾಮಕ ದಳದವರು ಬಲೆ ಹಿಡಿಯುವುದು, ಸಿನಿಮಾದ ಸಾಹಸ ಕಲಾವಿದರು ಗಾಳಿ ತುಂಬಿದ ದಪ್ಪ ಹಾಸಿಗೆಯ ಮೇಲೆ ಬೀಳುವುದು ನಿಲ್ಲುವ ದೂರವನ್ನು ಹೆಚ್ಚಿಸಲಿಕ್ಕೆ. ನಾಯಕನ ಹಾರಾಟವಂತೂ ತಂತಿ ಕಟ್ಟಿ ತೆಗೆದದ್ದು; ಆಮೇಲೆ ಕಂಪ್ಯೂಟರಿನಲ್ಲಿ ಆ ತಂತಿ ಅಳಿಸುತ್ತಾರೆ. ಚಿತ್ರೀಕರಣದ ಇಂಥ ವಿಡಿಯೊಗಳನ್ನು ಮಕ್ಕಳಿಗೆ ತೋರಿಸಿ. ಕಥೆಯ ರುಚಿ ಕೆಡುವುದಿಲ್ಲ, ಗುಟ್ಟು ತಿಳಿದ ಖುಷಿ ಸೇರುತ್ತದೆ.

ಮಗು ಎತ್ತರದಿಂದ ಬಿದ್ದರೆ ಗಾಬರಿಯಿಂದ ಎತ್ತಿ ಕುಲುಕಬೇಡಿ. ಕುತ್ತಿಗೆ, ಬೆನ್ನು ಅಲುಗಾಡದಂತೆ ಇರಿಸಿ 108ಕ್ಕೆ ಕರೆ ಮಾಡಿ. ವಾಂತಿ, ಮಂಪರು, ಮೂಗು-ಕಿವಿಯಿಂದ ರಕ್ತ, ಫಿಟ್ಸ್ ಇವುಗಳಲ್ಲಿ ಯಾವುದೇ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಕೋಟಿಗಳ ಲೆಕ್ಕ, ಲಿಂಕಿನ ಬಲೆ

‘ನೂರು ಕೋಟಿ’ ಸಂದೇಶಗಳ ಬಗ್ಗೆ ಇಷ್ಟು ತಿಳಿದಿದ್ದರೆ ಸಾಕು. ಭಾರತದಲ್ಲಿ ಸಿನಿಮಾ ಗಳಿಕೆಯನ್ನು ಅಧಿಕೃತವಾಗಿ ಪ್ರಕಟಿಸುವ ಸರ್ಕಾರಿ ವ್ಯವಸ್ಥೆ ಇಲ್ಲ. ನಾವು ನೋಡುವ ಅಂಕಿಗಳು ಚಿತ್ರತಂಡದ ಹೇಳಿಕೆ ಇಲ್ಲವೇ ವ್ಯಾಪಾರ ವಲಯದ ಅಂದಾಜು. ‘ಗ್ರಾಸ್’ ಎಂದರೆ ತೆರಿಗೆಯೂ ಸೇರಿದ ಟಿಕೆಟ್ ಮೊತ್ತ, ‘ನೆಟ್’ ಎಂದರೆ ತೆರಿಗೆ ಕಳೆದದ್ದು. ಅದರಲ್ಲೂ ಒಂದು ಪಾಲು ಥಿಯೇಟರ್ ಮಾಲೀಕರದು. ಒಬ್ಬರು ಗ್ರಾಸ್, ಇನ್ನೊಬ್ಬರು ನೆಟ್ ಹಿಡಿದು ವಾದಿಸಿದರೆ ಜಗಳ ಮುಗಿಯುವುದೇ ಇಲ್ಲ. ಗಳಿಕೆ ಹೆಚ್ಚಾದರೆ ಚಿತ್ರ ಒಳ್ಳೆಯದು ಎಂದಾಗಲಿ, ಕಡಿಮೆಯಾದರೆ ಕೆಟ್ಟದ್ದು ಎಂದಾಗಲಿ ಅರ್ಥವಲ್ಲ.

‘ಪೂರ್ತಿ ಸಿನಿಮಾ’ ಲಿಂಕ್ ಮಾತ್ರ ನೇರ ಅಪಾಯ. ಒತ್ತಿದಾಗ ಸಿನಿಮಾದ ಬದಲು ಎಪಿಕೆ ಫೈಲ್ ಇಳಿಯಬಹುದು. ಅದಕ್ಕೆ ಅನುಮತಿ ಕೊಟ್ಟರೆ ನಿಮ್ಮ ಎಸ್ಸೆಮ್ಮೆಸ್, ಒಟಿಪಿ ಎಲ್ಲ ಇನ್ನೊಬ್ಬರ ಕೈಗೆ ಹೋಗಿ ಬ್ಯಾಂಕ್ ಖಾತೆ ಖಾಲಿಯಾಗಬಹುದು. ಹಣ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು. 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಸಿನಿಮಾ ಕಳ್ಳನಕಲಿಗೆ ಕನಿಷ್ಠ 3 ತಿಂಗಳಿಂದ 3 ವರ್ಷದವರೆಗೆ ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡ ಇದೆ.

ಇಂಡಿ ತಾಲೂಕಿನಲ್ಲಿ ನಡೆದ ನಿಜವಾದ ರಕ್ಷಣೆ

‘ಹನುಮಾನ್’ ಬಿಡುಗಡೆಯಾಗಿ ಮೂರು ತಿಂಗಳೂ ಆಗಿರಲಿಲ್ಲ. 2024ರ ಏಪ್ರಿಲ್ 3ರ ಸಂಜೆ ಇಂಡಿ ತಾಲೂಕಿನ ಲಚ್ಯಾಣ ಗ್ರಾಮದ ಹೊಲದಲ್ಲಿ ಪುಟ್ಟ ಮಗುವೊಂದು ತೆರೆದ ಕೊಳವೆಬಾವಿಗೆ ಬಿತ್ತು. ನಾಡಿಗೆ ನಾಡೇ ಆ ರಾತ್ರಿ ಉಸಿರು ಬಿಗಿಹಿಡಿದು ಟಿವಿ ನೋಡಿತು. ಸುಮಾರು 20 ಗಂಟೆಗಳ ಬಳಿಕ, ಮರುದಿನ ಮಧ್ಯಾಹ್ನ, ಮಗುವನ್ನು ಜೀವಂತವಾಗಿ ಹೊರತೆಗೆಯಲಾಯಿತು.

ಅಲ್ಲಿ ಯಾರೂ ಹಾರಿ ಬರಲಿಲ್ಲ. ಕೊಳವೆಬಾವಿಯ ಪಕ್ಕದಲ್ಲಿ ಸಮಾನಾಂತರ ಗುಂಡಿ ತೋಡಿದರು. ಯಂತ್ರದಿಂದ ಒಂದಿಷ್ಟು, ಮಗುವಿಗೆ ಪೆಟ್ಟಾಗದಂತೆ ಕೈಯಿಂದ ಒಂದಿಷ್ಟು. ಎನ್‌ಡಿಆರ್‌ಎಫ್, ಎಸ್‌ಡಿಆರ್‌ಎಫ್, ಅಗ್ನಿಶಾಮಕ ದಳ, ಪೊಲೀಸರು, ಆರೋಗ್ಯ ಸಿಬ್ಬಂದಿ, ಯಂತ್ರ ಓಡಿಸಿದವರು, ಊರಿನವರು ಇವರಲ್ಲಿ ಯಾವ ಒಬ್ಬರನ್ನು ನಾಯಕ ಎನ್ನುವುದು? ಪೋಸ್ಟರಿನ ಮೇಲೆ ಹಾಕಲು ಅಲ್ಲಿ ಒಂದು ಮುಖ ಸಿಗುವುದಿಲ್ಲ. ನಿಜದ ರಕ್ಷಣೆ ಬಹುತೇಕ ಹೀಗೆಯೇ ಇರುತ್ತದೆ: ನಿಧಾನ, ಮಣ್ಣು ಮೆತ್ತಿದ್ದು, ಹತ್ತಾರು ಜನರದು.

ಇನ್ನೂ ಒಂದು ಮಾತಿದೆ. ತೆರೆದ ಕೊಳವೆಬಾವಿಗಳ ಬಗ್ಗೆ ಸುಪ್ರೀಂ ಕೋರ್ಟ್ 2010ರಲ್ಲೇ ಸೂಚನೆಗಳನ್ನು ಕೊಟ್ಟಿದೆ. ಕೊರೆಯುವ ಮುನ್ನ ಅಧಿಕಾರಿಗಳಿಗೆ ತಿಳಿಸಬೇಕು, ಸುತ್ತ ಬೇಲಿ ಮತ್ತು ಫಲಕ ಹಾಕಬೇಕು, ಬಾಯಿಗೆ ಗಟ್ಟಿ ಮುಚ್ಚಳ ಬಿಗಿಯಬೇಕು, ನೀರು ಬಾರದೆ ಕೈಬಿಟ್ಟ ಬಾವಿಯನ್ನು ಮಣ್ಣು, ಮರಳು, ಕಲ್ಲುಗಳಿಂದ ನೆಲಮಟ್ಟದವರೆಗೆ ತುಂಬಬೇಕು. ಮುಚ್ಚಳ ಬಿಗಿದ ಮನುಷ್ಯನ ಬಗ್ಗೆ ಯಾರೂ ಸಿನಿಮಾ ಮಾಡುವುದಿಲ್ಲ, ಏಕೆಂದರೆ ಅವನ ಹೊಲದಲ್ಲಿ ಏನೂ ನಡೆಯಲೇ ಇಲ್ಲ. ಆದರೆ ಒಂದು ಜೀವ ಉಳಿಸಿದ್ದು ಅವನೇ.

ಬಸವನ ಬಾಗೇವಾಡಿಯ ನೆಲದವರಿಗೆ ಇದು ಹೊಸ ಪಾಠವಲ್ಲ. ಅಲ್ಲಿ ಹುಟ್ಟಿದ ಬಸವಣ್ಣನವರ ಹೆಸರಿನ ಜೊತೆ ನಾವು ನೆನೆಯುವುದು ಕಾಯಕವನ್ನು. ಅಂಬಿಗರು, ಮಾದಾರರು, ಮಡಿವಾಳರು, ಸೂಳೆಯರು, ಸಂನ್ಯಾಸಿಗಳು ಒಟ್ಟಿಗೆ ಕೂತ ಶರಣರ ಬಳಗವನ್ನು. ಒಬ್ಬನೇ ಬಂದು ಎಲ್ಲ ಸರಿಮಾಡಿದ ಎಂಬ ಕಥೆ ಅದಲ್ಲ.

ಹಾಗಾದರೆ ನೋಡಬೇಕೋ, ಬೇಡವೋ?

ಖಂಡಿತ ನೋಡಿ. ‘ಜೈ ಹನುಮಾನ್’ ಬಂದಾಗ ಮನೆಮಂದಿಯೆಲ್ಲ ಸೇರಿ ಶಿಳ್ಳೆಯನ್ನೂ ಹೊಡೆಯಿರಿ. ನೋಡಿ ಬಂದ ಮೇಲೆ ಮೂರು ಕೆಲಸ ಮಾಡಿ:

• ‘ನಾಯಕ ಯಾರನ್ನು ಉಳಿಸಿದ, ಏಕೆ ಉಳಿಸಿದ?’ ಎಂದು ಮಕ್ಕಳನ್ನು ಕೇಳಿ. ಹೊಡೆದಾಟದ ದೃಶ್ಯವನ್ನು ಅವರೇ ಹೇಳುತ್ತಾರೆ, ಉಳಿಸಿದ ದೃಶ್ಯವನ್ನು ನೀವು ನೆನಪಿಸಿ.

• ಲಿಂಕ್, ಸೋರಿಕೆಯಾದ ಟ್ರೇಲರ್, ಊರು-ತಾರೀಖಿಲ್ಲದ ದುರಂತದ ಸುದ್ದಿ ಬಂದರೆ ಅಲ್ಲೇ ಅಳಿಸಿ.

• ಮಾಳಿಗೆಗೆ ತಡೆಗೋಡೆ ಇದೆಯೇ, ಹೊಲದ ಕೊಳವೆಬಾವಿಗೆ ಮುಚ್ಚಳ ಇದೆಯೇ ಎಂದು ಇವತ್ತೇ ನೋಡಿ. ಪಕ್ಕದ ಹೊಲದವರದು ತೆರೆದಿದ್ದರೆ ಅವರಿಗೂ, ಗ್ರಾಮ ಪಂಚಾಯಿತಿಗೂ ತಿಳಿಸಿ.

ಇದರಲ್ಲಿ ಮೂರನೆಯದನ್ನು ಧಾರಾಳವಾಗಿ ಫಾರ್ವರ್ಡ್ ಮಾಡಬಹುದು.